ಬೈರಯ್ಯ ಕೊಟ್ಟ ಹೇಳಿಕೆ

ನಾನು ಕೈಹಾಕಿದ ಕ್ಲೇಮು ಯಾವುದೂ ನಡುವೆ ನಿಂತದ್ದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಜಂಬ ಪಡುವ ಕಾಲ ಯಾವತ್ತೋ ಹೋಯಿತು. ಐವತ್ತಾರರಲ್ಲಿ ಜೀವವಿಮೆ ಸರ್ಕಾರದ ಪಾಲಾದಾಗ ನಾನು ಮದರಾಸಿನ ಒಂದು ಕಂಪನಿ ಹಿಡಿದು ಬೆಂಕಿ ವಿಮೆಗೆ ಇಳಿದೆ. ಮನೆ ಹೊಳೆನರಸೀಪುರದಲ್ಲಿ, ಕಂಪನಿಯ ಆಫೀಸು ಹಾಸನದ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ, ಗಿರಾಕಿಗಳು ಅರಕಲಗೂಡಿನಿಂದ ಹಿಡಿದು ಚನ್ನರಾಯಪಟ್ಟಣದ ತನಕ. ಅಕ್ಕಿ ಗಿರಣಿಗಳು, ಕೊಣನೂರಿನ ಹೊಗೆಸೊಪ್ಪಿನ ಮಂಡಿ, ಬಾಗೂರು ಕಡೆಯ ಕೊಬ್ಬರಿ ಗೋಡೌನುಗಳು. ಬಸ್ಸಿನಲ್ಲಿ ಕೂತೇ ನನ್ನ ಅರ್ಧ ಆಯುಷ್ಯ ಸವೆಯಿತು. ಈ ಏಜೆಂಟರು ಕಾಗದ ಮಾಡಿಕೊಟ್ಟರೆ ದುಡ್ಡು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ ಎಂದು ಜನ ಹೇಳಿಕೊಳ್ಳುತ್ತಿದ್ದರು. ಹಾಸನದ ಮ್ಯಾನೇಜರು ಹೊಸ ಏಜೆಂಟರನ್ನು ನನ್ನ ಹತ್ತಿರ ಕಳಿಸಿ, ಹೋಗಿ ಕಲಿತು ಬನ್ನಿ ಎನ್ನುತ್ತಿದ್ದರು.

ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರು ಬಾಯಿ ಬಿಡುವ ಮುಂಚೆ ಅವರ ಪ್ರಶ್ನೆಗೆ ಉತ್ತರ ಕಾಗದದ ಮೇಲಿರಬೇಕು ಎಂದು ನಾನು ಅವರಿಗೆ ಕಲಿಸುತ್ತಿದ್ದೆ. ಚನ್ನಪ್ಪಗೌಡರ ಕ್ಲೇಮನ್ನು ಮಾತ್ರ ಯಾರಿಗೂ ಉದಾಹರಣೆ ಕೊಡಲಿಲ್ಲ. ಐವತ್ತೊಂಬತ್ತರ ಆ ಕ್ಲೇಮು ನಲವತ್ತೇಳನೆಯ ದಿನಕ್ಕೆ ಪಾಸಾಯಿತು. ಕಂಪನಿಯಲ್ಲಿ ಅಲ್ಲಿಯವರೆಗೆ ಅಷ್ಟು ಬೇಗ ಯಾವುದೂ ಆಗಿರಲಿಲ್ಲವಂತೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ಈಗ ಯಾರೂ ಕೇಳುತ್ತಿಲ್ಲ, ಆದರೂ ಹೇಳುತ್ತೇನೆ.

ಬಾಗೂರಿಗೆ ಎರಡು ಮೈಲಿ ಈಚೆಗೆ ಒಂದು ಹಳ್ಳಿ. ಹೆಸರು ಬೇಡ, ಆ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಚನ್ನಪ್ಪಗೌಡರಿಗೆ ಸ್ವಂತದ ತೆಂಗಿನ ತೋಟವಿತ್ತು, ಅದರ ಜೊತೆಗೆ ಸುತ್ತಲಿನ ರೈತರ ಕಾಯಿಯನ್ನೂ ತಂದು ತುಂಬಿ ಕೊಬ್ಬರಿ ಮಾಡಿ ಮಾರುತ್ತಿದ್ದರು. ಮನೆಯ ಮುಂದೆ ದೊಡ್ಡ ಅಂಗಳ, ಅಂಗಳದ ಆಚೆ ಬದಿಗೆ ಗೋಡೌನು. ಕಲ್ಲಿನ ಗೋಡೆ, ಒಳಗೆ ಮರದ ಅಟ್ಟ. ಕಾಯಿಯನ್ನು ಮಟ್ಟೆ ಸಮೇತ ಆ ಅಟ್ಟದ ಮೇಲೆ ಒಟ್ಟಿದರೆ ಹತ್ತು ಹನ್ನೊಂದು ತಿಂಗಳು ಅಲುಗಾಡಿಸುವಂತಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಎನ್ನುವಾಗ ಇಳಿಸಿ ಸುಲಿಯಬೇಕು. ಒಂದು ಊರಿನ ಒಂದು ವರ್ಷದ ಫಸಲೆಲ್ಲ ಆ ಅಟ್ಟದ ಮೇಲೆ ಮಲಗಿರುತ್ತಿತ್ತು.

ಈ ವ್ಯಾಪಾರ ಹಚ್ಚಿದವರು ಗೌಡರ ತಾಯಿ ಶಿವಗಂಗಮ್ಮ. ಗಂಡ ಹೋದಾಗ ಮಗನಿಗೆ ಆರು ವರ್ಷವಂತೆ. ಗಾಡಿ ಹೂಡಿಸಿಕೊಂಡು ತಾನೇ ಕೊಬ್ಬರಿ ಮಾರಿ ಬಂದ ಹೆಂಗಸು. ಗೋಡೌನಿನ ಹಿಂಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಲಕ್ಷ್ಮಿಯ ಪಟ, ಪಟದ ಮುಂದೆ ದಿನಾ ಮುಸ್ಸಂಜೆ ಆಕೆ ಹಚ್ಚುವ ಎಣ್ಣೆ ದೀಪ. ಸೊಸೆ ಅನಸೂಯಮ್ಮನಿಗೂ ಆ ದೀಪ ಮುಟ್ಟಲು ಬಿಡುತ್ತಿರಲಿಲ್ಲ. ಆ ದೀಪಕ್ಕೆ ನಾನೂ ಎಷ್ಟೋ ಸಲ ಕೈಮುಗಿದಿದ್ದೇನೆ, ಆಕೆ ಕೊಟ್ಟ ಬಾಳೆಹಣ್ಣು ತಿಂದಿದ್ದೇನೆ.

ಹಾಗಿದ್ದೂ ವಿಮೆಯ ಅರ್ಜಿಯಲ್ಲಿ ಹನ್ನೊಂದನೆಯ ಪ್ರಶ್ನೆಗೆ ನಾನೇನು ಬರೆದೆ? ದಾಸ್ತಾನಿನ ಒಳಗೆ ತೆರೆದ ಉರಿಯ ದೀಪ ಉರಿಸುವುದುಂಟೆ ಎಂಬುದು ಪ್ರಶ್ನೆ. ಇಲ್ಲ ಎಂದು ಬರೆದೆ. ಉಂಟು ಎಂದು ಬರೆದರೆ ಕಂಪನಿ ಆ ಪಾಲಿಸಿ ಕೊಡುತ್ತಿರಲಿಲ್ಲ. ಗೌಡರನ್ನು ನಾನು ಕೇಳಲಿಲ್ಲ, ಅವರು ಓದದೆ ರುಜು ಹಾಕಿದರು. ನನಗೆ ಕಮಿಷನ್ ಬಂತು, ಮಗಳಿಗೆ ಒಂದು ಜೊತೆ ಓಲೆ ಮಾಡಿಸಿದೆ.

ಗೋಡೌನಿನ ಕಾವಲಿಗೆ ಬೈರಯ್ಯ ಇದ್ದ. ಊರಾಚೆಯ ಕೇರಿಯವನು, ಹದಿನೆಂಟು ವರ್ಷದಿಂದ ಆ ಅಂಗಳ ಕಾದವನು. ಅಂಗಳದ ಅಂಚಿನ ಹುಣಸೆಮರದ ಕೆಳಗೆ ಅವನದೊಂದು ಚಪ್ಪರ. ಕೂಲಿಯ ಬದಲಿಗೆ ಕೆರೆಯ ಕೆಳಗೆ ಹತ್ತು ಗುಂಟೆ ಗದ್ದೆ ಉತ್ತುಕೊಳ್ಳಲು ಬಿಟ್ಟಿದ್ದರು; ಅವನೂ ಹೆಂಡತಿ ಮಾರಮ್ಮನೂ ಬದುಕುತ್ತಿದ್ದುದು ಅದರಲ್ಲೇ. ಗಾಡಿಯಲ್ಲಿ ಬಂದ ಕಾಯಿಯನ್ನು ಇಳಿಸಿ, ಹೊತ್ತು, ಗೋಡೌನಿನ ಹೊಸ್ತಿಲ ಮುಂದೆ ರಾಶಿ ಹಾಕುವವನು ಅವನೇ. ಅಲ್ಲಿಂದ ಒಳಗೆ ಗೌಡರ ಕಡೆಯ ಆಳುಗಳು. ಮಟ್ಟೆ ಇರುವ ತನಕ ಕಾಯಿಯನ್ನು ಅವನು ಮುಟ್ಟಬಹುದು, ಒಡೆದು ಬಿಳಿ ಕಂಡ ಮೇಲೆ ಮುಟ್ಟುವಂತಿಲ್ಲ. ಹೊಸ್ತಿಲನ್ನಂತೂ ದಾಟುವಂತಿಲ್ಲ. ಇದನ್ನು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಗೋಡೌನಿಗೆ ಬೀಗ ಹಾಕಿದ್ದು ಸರಿಯಾಗಿದೆಯೇ ಎಂದು ದಿನಾ ಎಳೆದು ನೋಡುತ್ತಿದ್ದವನು ಅದರ ಒಳಗು ಹೇಗಿದೆ ಎಂದು ಬಾಗಿಲಿನಿಂದ ಕಂಡಷ್ಟೇ ಕಂಡಿದ್ದ.

ಬೆಂಕಿ ಬಿದ್ದ ದಿನ ಗೌಡರ ಮನೆಯವರೆಲ್ಲ ದಂಡಿಗನಹಳ್ಳಿಗೆ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗಿದ್ದರು. ದೀಪ ಹಚ್ಚಬೇಕೆಂದು ಶಿವಗಂಗಮ್ಮ ಒಬ್ಬರೇ ಉಳಿದರು. ಸಂಜೆ ದೀಪ ಹಚ್ಚಿ, ಬಾಗಿಲನ್ನು ಹಾಗೇ ತೆರೆದಿಟ್ಟು, ಹಿತ್ತಲಿನ ಕೊಟ್ಟಿಗೆಗೆ ಹೋದರು. ದೀಪ ತಾನಾಗಿ ನಂದುವ ತನಕ ಬಾಗಿಲು ಹಾಕಬಾರದೆಂಬುದು ಆಕೆಯ ಕ್ರಮ.

ಮೂರನೆಯ ದಿನ ನಾನು ಅಲ್ಲಿಗೆ ಹೋದಾಗ ಬೂದಿ ಇನ್ನೂ ಬಿಸಿಯಾಗಿತ್ತು. ಏನಾಯಿತೆಂದು ಬೈರಯ್ಯನನ್ನು ಚಪ್ಪರದ ಹತ್ತಿರ ಕೂರಿಸಿಕೊಂಡು ಕೇಳಿದೆ. ಅವನು ಕಂಡದ್ದನ್ನು ಕಂಡ ಹಾಗೇ ಹೇಳಿದ. ಇಲಿಯೊಂದು ಎಣ್ಣೆಯ ಆಸೆಗೆ ಉರಿಯುವ ಬತ್ತಿಯನ್ನು ಎಳೆಯಿತಂತೆ. ಬತ್ತಿ ಗೂಡಿನಿಂದ ಕೆಳಗಿದ್ದ ಗೋಣಿಚೀಲದ ಮೇಲೆ ಬಿತ್ತು. ಅವನು ದನ ನೀರು ಕುಡಿಯುವ ಬಾನಿಯಿಂದ ಬಕೆಟ್ಟು ತುಂಬಿಕೊಂಡು ಓಡಿ ಬಂದು ಹೊಸ್ತಿಲಲ್ಲಿ ನಿಂತು ಎರಚಿದ. ಗೂಡಿದ್ದದ್ದು ಹಿಂದಿನ ಗೋಡೆಯಲ್ಲಿ, ನೀರು ಅಲ್ಲಿಯ ತನಕ ಮುಟ್ಟಲಿಲ್ಲ. ಇನ್ನೊಂದು ಬಕೆಟ್ಟು ತಂದ, ಅದೂ ಮುಟ್ಟಲಿಲ್ಲ. ಅವ್ವಾ ಅವ್ವಾ ಎಂದು ಕೂಗಿದ. ಹಿತ್ತಲಲ್ಲಿದ್ದ ಆಕೆಗೆ ಕಿವಿ ಮಂದ. ಬೀದಿಗೆ ಓಡಿ ಕೂಗಿಕೊಂಡ. ಪಟೇಲ ಕೆಂಪಣ್ಣನೂ ಮತ್ತೆ ಮೂವರೂ ಬರುವ ಹೊತ್ತಿಗೆ ಬೆಂಕಿ ಅಟ್ಟಕ್ಕೆ ಹತ್ತಿತ್ತು. ಆಗಲೂ ಇವನು ತುಂಬಿದ ಬಕೆಟ್ಟು ಹಿಡಿದು ಹೊಸ್ತಿಲಾಚೆಯೇ ನಿಂತಿದ್ದ. ಒಣಗಿದ ಮಟ್ಟೆಗೆ ಹತ್ತಿದ ಬೆಂಕಿಯನ್ನು ಆರಿಸುವವರುಂಟೆ? ಮಾರನೆಯ ದಿನ ಮಧ್ಯಾಹ್ನದ ತನಕ ಉರಿಯಿತು.

"ಮೊದ್ಲು ಒಂದು ಗಂಗಾಳದಗಲ ಇತ್ತು ಸಾ ಬೆಂಕಿ," ಎಂದು ಅವನು ಎರಡು ಕೈಯಿಂದ ಅಳತೆ ತೋರಿಸಿದ. "ಕಾಲಲ್ಲಿ ಒಸಕಿದ್ರೆ ಓಗೋದು."

ಮತ್ತೆ ಹೋಗಿ ಹೊಸಕಬೇಕಾಗಿತ್ತಲ್ಲಯ್ಯ ಎಂದುಬಿಟ್ಟೆ. ಅವನು ನನ್ನ ಮುಖ ನೋಡಿದ. "ನೀವೂ ಇಂಗ್ ಕೇಳ್ತೀರಾ ಸಾ?" ಎಂದ. ನನಗೆ ನಾಚಿಕೆಯಾಯಿತು. ಆ ನಾಚಿಕೆ ಬಹಳ ಹೊತ್ತು ಇರಲಿಲ್ಲ, ಯಾಕೆಂದರೆ ನನ್ನ ತಲೆಯಲ್ಲಿ ಹನ್ನೊಂದನೆಯ ಪ್ರಶ್ನೆ ಕೂತಿತ್ತು. ದೀಪ ಎಂಬ ಮಾತು ಸರ್ವೇಯರ ಕಿವಿಗೆ ಬಿದ್ದರೆ ಕ್ಲೇಮು ಅಲ್ಲಿಗೇ ಮುಗಿಯಿತು. ಸುಳ್ಳು ಬರೆಸಿದವನೆಂದು ನನ್ನ ಏಜೆನ್ಸಿಯೂ ಮುಗಿಯಿತು. ಅಟ್ಟದ ಮೇಲಿದ್ದ ಕಾಯಿಯಲ್ಲಿ ಮುಕ್ಕಾಲು ಪಾಲು ಊರಿನವರದು, ಕೊಬ್ಬರಿ ಮಾರಿದ ಮೇಲೆ ಅವರಿಗೆ ದುಡ್ಡು. ಕಂಪನಿ ಕೊಟ್ಟರೆ ಗೌಡರು ಅವರಿಗೆ ಕೊಡುತ್ತಾರೆ, ಕೊಡದಿದ್ದರೆ ಯಾರಿಗೂ ಏನೂ ಇಲ್ಲ. ಹಾಗಾಗಿ ದೀಪವನ್ನು ಮುಚ್ಚಿಡುವುದರಲ್ಲಿ ಇಡೀ ಊರು ನನ್ನ ಕಡೆಗಿತ್ತು.

ಬರೀ ಮುಚ್ಚಿಟ್ಟರೆ ಸಾಲದು. ಬೆಂಕಿಗೆ ಒಂದು ಕಾರಣ ಬೇಕು. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ, ಅದರ ಮೇಲೆ ಹಾಕುವಂತಿಲ್ಲ. ಆಳಿನ ಅಜಾಗರೂಕತೆಯಿಂದ ಬೆಂಕಿ ಬಿದ್ದರೆ ಪಾಲಿಸಿ ತುಂಬಿಕೊಡುತ್ತದೆ ಎಂಬುದು ನನಗೆ ಬಾಯಿಪಾಠ. ಕಾವಲಿನವನು ಇಲಿ ಸದ್ದು ಕೇಳಿ ಒಳಗೆ ಹೋದ, ಕೈಯಲ್ಲಿ ಬೀಡಿ ಇತ್ತು, ತುಂಡನ್ನು ಗೋಣಿಯ ಮೇಲೆ ಬಿಟ್ಟು ಬಂದ. ಕಥೆ ನನ್ನದೇ. ಇದರಲ್ಲಿ ಗೌಡರ ಪಾಲು ಆಮೇಲಿನದು. ಪಟೇಲ ಕೆಂಪಣ್ಣ ಕೇಳಿ ನಕ್ಕುಬಿಟ್ಟ. ಬೈರ ಎಲೆಯಡಿಕೆ ಹಾಕುವವನು, ಬೀಡಿ ಸೇದಿದ್ದನ್ನು ಯಾರು ಕಂಡಿದ್ದಾರೆ, ಅದು ಹೋಗಲಿ, ಅವನು ಒಳಗೆ ಕಾಲಿಡುವುದೆಲ್ಲಿ ಬಂತು ಎಂದ. ಸರ್ವೇಯರು ಮದರಾಸಿನವರು, ಅವರಿಗೇನು ಗೊತ್ತಾಗುತ್ತದೆ ಎಂದೆ. ಕೆಂಪಣ್ಣ ಮಹಜರಿಗೆ ರುಜು ಹಾಕಿದ. ಅವನ ಎರಡು ಸಾವಿರ ಕಾಯಿ ಆ ಅಟ್ಟದ ಮೇಲಿತ್ತು.

ಬೈರಯ್ಯನನ್ನು ಒಪ್ಪಿಸಿದ್ದು ಗೌಡರು. ಹೆದರಿಸಿ ಒಪ್ಪಿಸಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಶಿವಗಂಗಮ್ಮ ಬೆಂಕಿ ಬಿದ್ದಾಗಿನಿಂದ ಅನ್ನ ಮುಟ್ಟಿರಲಿಲ್ಲ. ಜಗುಲಿಯ ಕಂಬಕ್ಕೆ ಒರಗಿ ಕೂತು, ನನ್ನ ಕೈಯಾರೆ ಹಚ್ಚಿದ್ದು, ನನ್ನ ಕೈಯಾರೆ ಹಚ್ಚಿದ್ದು ಎಂದು ಅದನ್ನೇ ಅನ್ನುತ್ತಿದ್ದರು. ಸೊಸೆ ಬಾಯಿಗೆ ಗಂಜಿ ಹಿಡಿದರೆ ಉಗುಳುತ್ತಿದ್ದರು. ಗೌಡರು ಬೈರಯ್ಯನನ್ನು ಹುಣಸೆಮರದ ಕೆಳಗೆ ಕರೆದು ನಿಲ್ಲಿಸಿಕೊಂಡರು. ಅವರು ಆಡಿದ್ದು ನಟನೆಯಲ್ಲ.

"ಅವ್ವ ಉಳಿಯಲ್ಲ ಕಣ್ಲಾ ಬೈರ. ದೀಪದಿಂದಲ್ಲ, ನನ್ನಿಂದ ಆಯ್ತು ಅಂತ ನೀನೊಂದ್ ಮಾತು ಅಂದ್ರೆ ಉಳ್ಕತದೆ. ಕಾಗ್ದ ಮದರಾಸಿಗೆ ಓಯ್ತದೆ, ಊರ್ಗೆಲ್ಲ ನಿಜ ಗೊತ್ತೇ ಅದೆ. ನಿಂಗೇನಾಯ್ತದ್ಲಾ?"

ಬೈರಯ್ಯ ಜಗುಲಿಯ ಕಡೆ ನೋಡಿದ. ಮಾರಮ್ಮನಿಗೆ ಹೆರಿಗೆಯಾಗಿ ಮಗು ಸತ್ತಾಗ ಶಿವಗಂಗಮ್ಮ ಒಂದು ತಿಂಗಳು ಹಾಲು ಕಳಿಸಿದ್ದರಂತೆ, ತಾವೇ ಕೇರಿಯ ಮುಂದಿನ ತನಕ ಬಂದು ವಿಚಾರಿಸಿದ್ದರಂತೆ. ಆ ಋಣ ಅವನ ತಲೆಯಲ್ಲಿತ್ತೋ ಏನೋ.

"ಅವ್ವಾರು ಉಣ್ತಾರೆ ಅಂದ್ರೆ ಬರ್ಕೊಳಿ ಬುದ್ದಿ," ಎಂದ.

ನಾನು ಬರೆದೆ. ಚೆನ್ನಾಗಿ ಬರೆದೆ, ನನ್ನ ಅಕ್ಷರ ಮೊದಲಿನಿಂದಲೂ ದುಂಡಗೆ. ಸದರಿ ಗೋಡೌನಿನೊಳಗೆ ನಾನು ಎಂದಿನಂತೆ ಹೋಗಿ ಎಂದು ಶುರು ಮಾಡಿದೆ. ಎಂದಿನಂತೆ ಎಂಬುದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಒಂದೇ ದಿನ ಒಳಗೆ ಹೋದ ಎಂದರೆ ಅನುಮಾನ ಬರುತ್ತದೆಂದು ನಾನೇ ಸೇರಿಸಿದೆ. ಓದಿ ಹೇಳಿದಾಗ ಬೈರಯ್ಯ ಅಲ್ಲಿ ತಡೆದು, ಎಂದಿನಂತೆ ಅಂದರೇನೆಂದು ಕೇಳಿದ. ದಿನಾ ಹೋಗುತ್ತಿದ್ದ ಹಾಗೆ ಎಂದೆ. ಅವನ ಮುಖದಲ್ಲಿ ಒಂದು ಸಣ್ಣ ನಗೆ ಬಂತು. ಆಮೇಲೆ ಹೆಬ್ಬೆಟ್ಟು ಮುಂದೆ ಮಾಡಿದ. ಮಸಿ ಹಚ್ಚಲು ನಾನು ಅವನ ಬೆರಳು ಹಿಡಿಯಲಿಲ್ಲ, ಡಬ್ಬಿಯನ್ನು ನೆಲದ ಮೇಲಿಟ್ಟು ಅವನ ಕಡೆ ತಳ್ಳಿದೆ. ಇದನ್ನೂ ಹೇಳಿಬಿಡುವುದು ವಾಸಿ.

ಸರ್ವೇಯರು ಐದನೆಯ ದಿನ ಬಂದರು. ಐವತ್ತು ದಾಟಿದ ಸಾಧು ಮನುಷ್ಯ, ಕನ್ನಡ ಓದಲೂ ಬಲ್ಲವರು, ಕೋಟು ಹಾಕಿಕೊಂಡು ಬೂದಿಯಲ್ಲಿ ಮೊಣಕಾಲೂರಿ ಕೂತು ಅಳತೆ ತೆಗೆದರು. ಲೆಕ್ಕದ ಪುಸ್ತಕ ಮನೆಯಲ್ಲಿದ್ದುದರಿಂದ ಉಳಿದಿತ್ತು, ಅದನ್ನು ನೋಡಿದರು. ಮಹಜರು ನೋಡಿದರು. ಎಲ್ಲ ಒಂದರ ಹಿಂದೊಂದು ನಾನು ಕೈಗೆ ಕೊಡುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. ಬೈರಯ್ಯನ ಹೇಳಿಕೆ ಓದಿದ ಮೇಲೆ ಕನ್ನಡಕ ತೆಗೆದು ಗೌಡರನ್ನು ಒಂದು ಮಾತು ಕೇಳಿದರು. ಈ ಕಾವಲಿನವನು ಯಾವ ಜನ? ಗೌಡರು ಹೇಳಿದರು. ನಮ್ಮ ಕಡೆ ಹಳ್ಳಿಗಳಲ್ಲಿ ಇವರನ್ನು ಇಂಥ ಜಾಗಕ್ಕೆ ಬಿಡುವುದಿಲ್ಲ, ನಿಮ್ಮಲ್ಲಿ ಬಿಡುತ್ತೀರೋ ಎಂದು ಕೇಳಿದರು.

ಮದರಾಸಿನವರಿಗೆ ಏನೂ ಗೊತ್ತಾಗುವುದಿಲ್ಲ ಎಂದುಕೊಂಡ ನನ್ನಂಥ ದಡ್ಡ ಇನ್ನೊಬ್ಬನಿಲ್ಲ. ಅಂಗಳದಲ್ಲಿ ನಲವತ್ತು ಜನ ನಿಂತಿದ್ದರು, ಎಲ್ಲರೂ ಗೌಡರ ಕಡೆ ತಿರುಗಿದರು.

"ಕಾನೂನು ಬಂದು ನಾಕು ವರ್ಸ ಆಯ್ತಲ್ಲ ಸಾ," ಎಂದರು ಚನ್ನಪ್ಪಗೌಡರು. "ನಮ್ಮಲ್ಲಿ ಆ ತರದ್ದೆಲ್ಲ ಇಲ್ಲ. ಬೈರ ಅಂದ್ರೆ ಮನೆ ಮಗ ಇದ್ದಂಗೆ."

ಸರ್ವೇಯರ ಮುಖ ಅರಳಿತು. ಎಲ್ಲ ಊರೂ ಹೀಗಾದರೆ ದೇಶ ಉದ್ಧಾರವಾಗುತ್ತದೆ ಎಂದು ಗೌಡರ ಕೈ ಹಿಡಿದು ಕುಲುಕಿದರು. ತಮ್ಮ ವರದಿಯಲ್ಲೂ ಈ ಮಾತು ಬರೆಯುತ್ತೇನೆ ಎಂದರು, ಬರೆದೂ ಬರೆದರು. ಆ ವರದಿಯ ನಕಲು ನಾನು ಹಾಸನದ ಆಫೀಸಿನಲ್ಲಿ ಓದಿದ್ದೇನೆ. ಆಮೇಲೆ ಬೀಡಿ ತುಂಡು ಬಿಟ್ಟ ಜಾಗ ಯಾವುದು, ಆ ಮನುಷ್ಯ ಬಂದು ತೋರಿಸಲಿ ಎಂದರು.

"ಬಾರ್ಲಾ ಬೈರ, ಒಳಕ್ ಬಾ," ಎಂದು ಗೌಡರು ಕರೆದರು.

ಸೂರು ಬಿದ್ದು ಮೇಲೆ ಬರೀ ಆಕಾಶವಿತ್ತು. ಬಾಗಿಲು ಸುಟ್ಟುಹೋಗಿತ್ತು. ಉಳಿದದ್ದು ಕಲ್ಲಿನ ಹೊಸ್ತಿಲು ಮಾತ್ರ. ಬೈರಯ್ಯ ಅದರ ಮುಂದೆ ಬಂದು ಕಾಲೆತ್ತಿದ, ಮತ್ತೆ ಕೆಳಗಿಟ್ಟ. ಗೌಡರು ಇನ್ನೊಮ್ಮೆ ಕರೆದರು. ಅವನು ದಾಟಿದ. ಹಿಂದಿನ ದಿನವೇ ನಾನು ಅವನಿಗೆ ಬಾಗಿಲಾಚೆಯಿಂದ ಕೋಲು ಚಾಚಿ ಜಾಗ ಗುರುತು ಮಾಡಿಕೊಟ್ಟಿದ್ದೆ, ಬಡಗಣ ಗೋಡೆಯ ಮೂರನೆಯ ಕಂಬದ ಬುಡ. ಗೂಡಿದ್ದ ಗೋಡೆಯ ಕಡೆ ತಿರುಗಿಯೂ ನೋಡಬೇಡ ಎಂದಿದ್ದೆ. ಅವನು ಎಡಕ್ಕೂ ಬಲಕ್ಕೂ ನೋಡದೆ ನೆಟ್ಟಗೆ ಹೋಗಿ ಆ ಬುಡದಲ್ಲಿ ನಿಂತು ಬೆರಳು ತೋರಿಸಿದ. ಯಾವ ಬೀಡಿ ಎಂದು ಸರ್ವೇಯರು ಕೇಳಿದಾಗ ಅವನಿಗೆ ಒಂದು ಹೆಸರೂ ಬಾಯಿಗೆ ಬರಲಿಲ್ಲ. ಅಂಗಡಿಯಲ್ಲಿ ಕೊಟ್ಟದ್ದನ್ನು ಸೇದುತ್ತಾನೆ ಸರ್ ಎಂದು ನಾನು ಹೇಳಿದೆ. ಸರ್ವೇಯರು ಬರೆದುಕೊಂಡು ಪುಸ್ತಕ ಮುಚ್ಚಿದರು.

ಅಂಗಳದಾಚೆ ಜಗುಲಿಯ ಮೇಲಿಂದ ಶಿವಗಂಗಮ್ಮ ಇದನ್ನೆಲ್ಲ ನೋಡುತ್ತಿದ್ದರು. ಸರ್ವೇಯರ ಕಾರು ಹೋದ ಮೇಲೆ ಗೌಡರು ತಾಯಿಯ ಪಕ್ಕದಲ್ಲಿ ಕೂತು, ಬೈರನೇ ಒಪ್ಪಿಕೊಂಡ, ದೀಪದಿಂದ ಆದದ್ದಲ್ಲ ಎಂದು ಕಿವಿಯ ಹತ್ತಿರ ಜೋರಾಗಿ ಹೇಳಿದರು. ಆಕೆ ಆ ಮಧ್ಯಾಹ್ನ ಸೊಸೆಯ ಕೈಯಿಂದ ಒಂದು ತುತ್ತು ಮುದ್ದೆ ಉಂಡರು. ಗೌಡರು ನನ್ನ ಎರಡು ಕೈ ಹಿಡಿದುಕೊಂಡರು, ಅವರ ಕಣ್ಣಲ್ಲಿ ನೀರಿತ್ತು. ನನಗೂ ನಿಜವಾಗಿ ಸಂತೋಷವಾಯಿತು. ಒಂದು ಸುಳ್ಳಿನಿಂದ ಎಷ್ಟು ಜನಕ್ಕೆ ಒಳ್ಳೆಯದಾಯಿತು ಎಂದು ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಬಂದೆ.

ನಲವತ್ತೇಳನೆಯ ದಿನ ಚೆಕ್ಕು ಬಂತು. ಕಾಯಿ ಕೊಟ್ಟವರಿಗೆಲ್ಲ ಗೌಡರು ನ್ಯಾಯವಾಗಿ ಹಂಚಿದರು. ಅದರಲ್ಲಿ ಅವರ ಮೇಲೆ ಒಂದು ಮಾತೂ ಆಡುವಂತಿಲ್ಲ. ಹಳೆಯ ಗೋಡೆಯ ಮೇಲೆಯೇ ಹೊಸ ಸೂರು ಕೂರಿಸುವ ಕೆಲಸ ಶುರುವಾಯಿತು. ನಾನು ಕೊಣನೂರಿನ ಕಡೆ ಬೇರೆ ಕೆಲಸದಲ್ಲಿದ್ದೆ, ಎರಡು ತಿಂಗಳು ಆ ಕಡೆ ಹೋಗಲಿಲ್ಲ.

ಅಷ್ಟರಲ್ಲಿ ನಡೆದದ್ದನ್ನು ನನಗೆ ಆಮೇಲೆ ಕೆಂಪಣ್ಣ ಹೇಳಿದ, ಅದೂ ಮಳೆ ಬೆಳೆ ವಿಷಯ ಹೇಳಿದ ಹಾಗೆ. ಶಿವಗಂಗಮ್ಮನಿಗೆ ಊಟ ಸೇರತೊಡಗಿದ ಮೇಲೆ ಮಾತೂ ಬಂತು. ಬೈರ ನೆಟ್ಟಗೆ ಒಳಗೆ ನಡೆದದ್ದನ್ನು ನನ್ನ ಕಣ್ಣಾರೆ ಕಂಡೆ, ಹೊಸಬ ಹಾಗೆ ನಡೆಯುತ್ತಾನಾ, ದಿನಾ ಹೋಗಿ ಬರುತ್ತಿದ್ದವನೇ ಅವನು ಎಂದರಂತೆ. ನಾನು ದೀಪ ಹಚ್ಚಿ ಈಚೆಗೆ ಬಂದ ಮೇಲೆ ಲಕ್ಷ್ಮಿಯ ಪಟದ ಮುಂದೆ ಬೀಡಿ ಸೇದುತ್ತ ಕೂರುತ್ತಿದ್ದನಲ್ಲ, ಅದಕ್ಕೇ ಆ ತಾಯಿ ಗೋಡೌನು ಸುಟ್ಟು ಹೋದಳು ಎಂದರಂತೆ. ಸುಳ್ಳನ್ನು ನಾವು ಅರ್ಧ ಹೇಳಿದ್ದೆವು, ಉಳಿದರ್ಧ ಆಕೆ ತಾನೇ ಪೂರೈಸಿಕೊಂಡರು. ತನ್ನ ದೀಪದ ಪಾಪ ಇಳಿಯಬೇಕಾದರೆ ಅದು ಇನ್ನೊಬ್ಬರ ತಲೆಗೆ ಏರಲೇಬೇಕಿತ್ತು. ಆಕೆಯನ್ನು ನಾನು ಬೈಯಲಾರೆ. ಮಗ ಬೈಯಬಹುದಿತ್ತು, ತಿದ್ದಬಹುದಿತ್ತು. ಅವ್ವ ಈಗ ತಾನೆ ಅನ್ನ ಮುಟ್ಟವಳೆ ಎಂದು ಸುಮ್ಮನಾದರಂತೆ.

ಪಟೇಲರ ಜಗುಲಿಯ ಮೇಲೆ ಪಂಚಾಯ್ತಿ ಸೇರಿತು. ದೇವರಿದ್ದ ಜಾಗವನ್ನು ಕೆಡಿಸಿದ ತಪ್ಪಿಗೆ ಬೈರಯ್ಯ ಪುಣ್ಯಾಹದ ಖರ್ಚು ಕೊಡಬೇಕು, ಕಾವಲು ಬಿಡಬೇಕು, ಕೆರೆ ಕೆಳಗಿನ ಗದ್ದೆ ಬಿಡಬೇಕು, ಇನ್ನು ಆ ಅಂಗಳಕ್ಕೆ ಕಾಲಿಡಬಾರದು. ತೀರ್ಮಾನ ಮಾಡಿದವರು ಯಾರು? ಆ ಸಂಜೆ ಕೂಗು ಕೇಳಿ ಓಡಿ ಬಂದು, ತುಂಬಿದ ಬಕೆಟ್ಟು ಹಿಡಿದು ಹೊಸ್ತಿಲಾಚೆ ನಿಂತವನನ್ನು ಕಂಡ ಆ ನಾಲ್ವರೇ. ನಿನಗೇ ಗೊತ್ತಿತ್ತಲ್ಲಯ್ಯ ಎಂದು ಕೆಂಪಣ್ಣನನ್ನು ಕೇಳಿದರೆ, ಬರೆದುಕೊಟ್ಟಿದ್ದಾನಲ್ಲ ಏಜೆಂಟ್ರೆ, ನಾವೇನು ಮಾಡಲಿಕ್ಕಾಗುತ್ತದೆ ಎಂದ. ಮಹಜರಿಗೆ ರುಜು ಹಾಕಿದ ಕೈ ಅದು. ಆ ಗಳಿಗೆಯಲ್ಲಿ ಅವನು ನಿಜವಾಗಿಯೂ ಹಾಗೆ ನಂಬಿದ್ದನೆಂದು ನನಗನ್ನಿಸಿತು.

ಹೊಸ ಗೋಡೌನಿನ ಪೂಜೆಗೆ ಗೌಡರು ನನ್ನನ್ನು ಕರೆದರು. ಬೆಳಿಗ್ಗೆ ಗಂಜಳ ಎರಚಿ, ಜೋಯಿಸರಿಂದ ಪುಣ್ಯಾಹ ಮಾಡಿಸಿ, ಹೊಸ ಗೂಡಿನಲ್ಲಿ ಹೊಸ ಪಟ ಇಟ್ಟಿದ್ದರು. ಮಧ್ಯಾಹ್ನ ಅಂಗಳದ ತುಂಬ ಚಪ್ಪರ ಹಾಕಿ ಊಟ. ನನ್ನನ್ನು ಮೊದಲ ಪಂಕ್ತಿಯ ತುದಿಯಲ್ಲಿ ಮಣೆ ಹಾಕಿ ಕೂರಿಸಿದರು. ನನಗೊಂದು ಪಂಚೆ, ಒಂದು ಶಲ್ಯ. ಶಿವಗಂಗಮ್ಮ ಜಗುಲಿಯಿಂದ ಕೋಲೂರಿಕೊಂಡು ಇಳಿದು ಬಂದು, ನಿಮ್ಮಿಂದ ನಮ್ಮನೆ ಮತ್ತೆ ನಿಂತಿತಪ್ಪ ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು.

ಆಗ ಚಪ್ಪರದಾಚೆ ರಸ್ತೆಯಲ್ಲಿ ಬೈರಯ್ಯ ಬಂದು ನಿಂತ. ಹಿಂದೆ ಮಾರಮ್ಮ, ತಲೆಯ ಮೇಲೆ ಒಂದು ಗಂಟು. ಮೂಡಿಗೆರೆ ಕಡೆಯ ಕಾಫಿ ತೋಟಕ್ಕೆ ಹೊರಟಿದ್ದರಂತೆ. ಅವನು ಕುಡಿದಿರಲಿಲ್ಲ, ದನಿಯನ್ನೂ ಏರಿಸಲಿಲ್ಲ. ಅಂಗಳದ ಗೆರೆಯ ಆಚೆಯೇ ನಿಂತು ನನ್ನನ್ನು ಕರೆದ.

"ಏಜೆಂಟ್ ಸಾ. ಗದ್ದೆ ಬ್ಯಾಡ, ಕಾವ್ಲು ಬ್ಯಾಡ. ಒಂದ್ ಮಾತು ಅವ್ವಾರ್ಗೆ ಕೇಳಂಗೆ ಯೇಳ್ಬುಡಿ. ಬೆಂಕಿ ಬೀಳಕ್ ಮುಂಚೆ ನಾನು ಒಂದಿನಾದ್ರೂ ಆ ಒಸ್ಲು ದಾಟಿದ್ನಾ?"

ಪಂಕ್ತಿಯಲ್ಲಿ ಕೈಗಳು ನಿಂತವು. ಅವನೇನಂದ ಎಂದು ಶಿವಗಂಗಮ್ಮ ಸೊಸೆಯನ್ನು ಕೇಳಿದರು. ಅನಸೂಯಮ್ಮ ಕಿವಿಯಲ್ಲಿ ಹೇಳಿದಳು. ಮುದುಕಿ ನನ್ನ ಕಡೆ ತಿರುಗಿದರು.

"ನೀವು ಓದ್ದೋರು ಕಣಪ್ಪ. ನೀವು ಅಂದ್ರೆ ನಾನು ನಂಬ್ತೀನಿ. ಅವ್ನು ಒಳಕ್ ಓಗಿರ್ಲಿಲ್ವಾ?"

ಚನ್ನಪ್ಪಗೌಡರು ಪಾಯಸದ ಕೊಳಗ ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದರು. ಅವರು ನನ್ನನ್ನು ನೋಡಲಿಲ್ಲ, ಕಣ್ಸನ್ನೆ ಮಾಡಲಿಲ್ಲ, ತಡೆಯಲೂ ಇಲ್ಲ. ಈ ಒಂದು ವಿಷಯವನ್ನು ನಾನು ಎಷ್ಟೋ ಸಲ ತಿರುವಿ ಹಾಕಿ ನೋಡಿದ್ದೇನೆ. ಚೆಕ್ಕು ಬಂದು, ದುಡ್ಡು ಹಂಚಿ, ಎಲ್ಲ ಮುಗಿದಿತ್ತು. ಅಲ್ಲಿ ಕಂಪನಿಯ ಒಂದು ನರಪಿಳ್ಳೆಯೂ ಇರಲಿಲ್ಲ. ಹಳ್ಳಿಯ ಒಂದು ಚಪ್ಪರದ ಕೆಳಗೆ ಆಡಿದ ಮಾತು ಮದರಾಸಿಗೆ ಕೇಳಿಸುತ್ತಿರಲಿಲ್ಲ. ಇಲ್ಲಮ್ಮ, ಹೋಗಿರಲಿಲ್ಲ ಎಂದು ಎರಡು ಮಾತು. ಆಮೇಲೆ ಆಕೆ ದೀಪವನ್ನು ನೆನೆದು ಮತ್ತೆ ಊಟ ಬಿಡುತ್ತಿದ್ದರೇನೋ, ಬಿಡುತ್ತಿರಲಿಲ್ಲವೇನೋ. ನಾನು ಅದನ್ನೇನೂ ಯೋಚಿಸಲಿಲ್ಲ. ಆಕೆಯ ಮೇಲಿನ ಕರುಣೆಯಿಂದ ಸುಮ್ಮನಿದ್ದೆ ಎಂದು ಹೇಳಿಕೊಂಡರೆ ಅದು ಇನ್ನೊಂದು ಸುಳ್ಳಾಗುತ್ತದೆ. ನನ್ನ ಕಾಗದವನ್ನು ಒಬ್ಬನು ಎಲ್ಲರೆದುರು ಸುಳ್ಳು ಮಾಡಲು ಬಂದಿದ್ದಾನೆ ಎಂಬುದಷ್ಟೇ ನನಗೆ ಕಂಡದ್ದು. ನನಗೆ ಸಿಟ್ಟು ಬಂತು.

"ಏನು ಬರೆದಿದೆ ಅಂತ ಓದಿ ಹೇಳಿದ್ದೆನಲ್ಲ," ಎಂದೆ. "ಕೇಳಿಸಿಕೊಂಡೇ ಹೆಬ್ಬೆಟ್ಟು ಒತ್ತಿದ್ದೀಯ."

ಬೈರಯ್ಯ "ಒತ್ತಿದ್ದು ದಿಟ ಸಾ," ಎಂದ. ಹೆಂಡತಿಯ ತಲೆಯಿಂದ ಗಂಟನ್ನು ತನ್ನ ತಲೆಗೆ ಬದಲಿಸಿಕೊಂಡು ಬಸ್ಸಿನ ರಸ್ತೆಯ ಕಡೆ ನಡೆದ. ಮಾರಮ್ಮ ಮಾತ್ರ ಒಂದು ಸಲ ತಿರುಗಿ, ಎಲೆಯ ಮುಂದೆ ಕೂತಿದ್ದ ನಮ್ಮನ್ನೆಲ್ಲ ಈ ತುದಿಯಿಂದ ಆ ತುದಿಯ ತನಕ ನೋಡಿದಳು.

ಶಿವಗಂಗಮ್ಮ ಜಗುಲಿಗೆ ವಾಪಸು ಹೋದರು. ಗೌಡರು ಪಾಯಸ ಬಡಿಸಲು ಶುರು ಮಾಡಿದರು, ನನ್ನ ಎಲೆಗೆ ಎರಡು ಸಲ ಹಾಕಿದರು. ಯಾರೂ ಅರ್ಧಕ್ಕೆ ಎದ್ದು ಹೋಗಲಿಲ್ಲ. ನಾನೂ ಪೂರ್ತಿ ಉಂಡು, ಕೈತೊಳೆದು, ಎಲೆಯಡಿಕೆ ಹಾಕಿಕೊಂಡು, ಸಂಜೆಯ ಬಸ್ಸಿಗೆ ಹೊಳೆನರಸೀಪುರಕ್ಕೆ ಬಂದೆ.